ಹಸುಬೆ ಹೊತ್ತ ಬೈಕು, ಹಿಂದೆ ಕೂತ ಗಂಡ

ಹಾಸನ

ನೇಪಾಳಕ್ಕೆ ಬೈಕಿನಲ್ಲಿ ಹೋಗಿ ಬಂದೆವು ಎಂದರೆ ಜನ ಮೊದಲು ಕೇಳುವುದು ಹಿಮಾಲಯ ಕಾಣಿಸಿತಾ ಅಂತ. ಕಾಣಿಸಿತು. ಆದರೆ ದಾರಿಯುದ್ದಕ್ಕೂ ನನ್ನ ಒಂದು ಕಣ್ಣು ಕನ್ನಡಿಯಲ್ಲೇ ಇತ್ತು. ಅಲ್ಲಿ ಕಾಣುತ್ತಿದ್ದದ್ದು ಎರಡು ಚೀಲ, ಅವುಗಳ ನಡುವೆ ನನ್ನ ಗಂಡ. ಮೂರರಲ್ಲಿ ಯಾವುದು ಯಾವಾಗ ಜಾರುತ್ತದೋ ಎಂಬ ಚಡಪಡಿಕೆಯಲ್ಲೇ ನಾನು ಒಂದು ದೇಶ ನೋಡಿದೆ.

ನಾನು ಹುಟ್ಟಿದ್ದು ಅರಕಲಗೂಡಿನ ಹತ್ತಿರ, ಹೊಗೆಸೊಪ್ಪು ಬೆಳೆಯುವ ಮನೆಯಲ್ಲಿ. ಸೊಪ್ಪು ಬೇಯಿಸುವ ಬ್ಯಾರನ್ನಿನ ಒಲೆಗೆ ಸೌದೆ ತುಂಬುತ್ತಾ, ಅದೇ ಒಲೆಯ ಬೆಳಕಿನಲ್ಲಿ ಓದಿ, ನಮ್ಮ ಮನೆತನಕ್ಕೆ ಮೊದಲ ಡಿಗ್ರಿ ತಂದವಳು ನಾನು. ಹೇಳಿಕೊಳ್ಳುವುದಕ್ಕೆ ನನಗೆ ಸಂಕೋಚವಿಲ್ಲ. ಯಾರೂ ಎತ್ತಿ ಕೊಟ್ಟದ್ದಲ್ಲ. ಈಗ ಹೊಳೆನರಸೀಪುರದ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ. ಮನೆ ಚನ್ನರಾಯಪಟ್ಟಣದಲ್ಲಿ. ದಿನಾ ಓಡಾಡುವುದು ನನ್ನ ಸಂಬಳದಲ್ಲಿ ಕೊಂಡ ದೊಡ್ಡ ಎಂಜಿನ್ನಿನ ಬೈಕಿನಲ್ಲಿ. ನನ್ನ ಗಂಡ ಬಸವರಾಜು ಚನ್ನರಾಯಪಟ್ಟಣದಲ್ಲೇ ಕೊಬ್ಬರಿ ಮಂಡಿ ಇಟ್ಟವರು. ಮೊಪೆಡ್ ಬಿಟ್ಟು ಬೇರೆ ಗಾಡಿ ಕಲಿತವರಲ್ಲ. ಗೇರು ಎಂದರೆ ಅವರ ಲೆಕ್ಕದಲ್ಲಿ ಲಾರಿ ಡ್ರೈವರನ ತಲೆನೋವು.

ದಸರಾ ರಜೆಗೆ ನೇಪಾಳಕ್ಕೆ ಹೋಗಬೇಕೆಂದು ಹಟ ಹಿಡಿದವಳು ನಾನು. ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಅವರು ಒಪ್ಪಿದ್ದು ಪಶುಪತಿನಾಥನಿಗಾಗಿ, ಅದೂ ಎರಡು ಷರತ್ತಿನ ಮೇಲೆ. ಒಂದು, ಬೈಕಿಗೆ ಏನೇ ಕಟ್ಟಿಸಿದರೂ ಬಂದ ಮೇಲೆ ಬಿಚ್ಚಿಡುವಂತಿರಬೇಕು. ಎರಡನೆಯದನ್ನು ಆಮೇಲೆ ಹೇಳುತ್ತೇನೆ, ಅದು ನನ್ನ ಎದೆಯಲ್ಲಿ ಮುಳ್ಳಾಗಿ ಉಳಿದದ್ದು.

ಬಿಚ್ಚಿಡುವಂಥದ್ದನ್ನು ಹುಡುಕಿಕೊಂಡು ಹಾಸನದ ಅಂಗಡಿಯೊಂದಕ್ಕೆ ಹೋದೆವು. ಅಂಗಡಿಯವನು ಮೊದಲು ತೋರಿಸಿದ್ದು ಅಲ್ಯೂಮಿನಿಯಂ ಪೆಟ್ಟಿಗೆ. ಬೀಗ, ಕೀಲು, ಎಲ್ಲ ಭದ್ರ. ನನ್ನವರು ಅದನ್ನು ಬೆರಳಿನಿಂದ ತಟ್ಟಿ ನೋಡಿದರು.

"ಇದೇನ್ ಸಾ, ಮದ್ವೆ ಟ್ರಂಕನ್ನ ಎರಡು ಭಾಗ ಮಾಡ್ದಂಗೈತೆ?"

"ಸ್ಟ್ರಾಂಗು ಸಾ. ಗಾಡಿ ಬಿದ್ರೂ ಪೆಟ್ಟಿಗೆಗೇನೂ ಆಗಲ್ಲ."

"ಮಧ್ಯೆ ಕೂತಿರೋನ ಕಾಲಿಗೆ?"

ಅಂಗಡಿಯವನು ನಕ್ಕ. ಪ್ರಶ್ನೆ ಸರಿಯಾಗಿಯೇ ಇತ್ತು. ಗಾಡಿ ವಾಲಿದರೆ ಪೆಟ್ಟಿಗೆಯ ಅಂಚಿನ ಕೆಳಗೆ ಪಾದ ಸಿಕ್ಕಿಕೊಳ್ಳುತ್ತದೆ. ಜೊತೆಗೆ ಅಗಲ. ಬೆಟ್ಟದ ದಾರಿಯಲ್ಲಿ ಎದುರು ಬಸ್ಸು ಬಂದರೆ ಹ್ಯಾಂಡಲ್ ದಾಟಿಸಿದ ಮೇಲೂ ಹಿಂದಿನ ಪೆಟ್ಟಿಗೆಯನ್ನು ದಾಟಿಸುವುದು ಬಾಕಿ ಇರುತ್ತದೆ.

ಎರಡನೆಯದು ಸೀಟಿನ ಮೇಲೆ ಅಡ್ಡ ಹಾಕುವ ಜೋಡಿ ಚೀಲ. ಕಂಡ ಕೂಡಲೇ ನನ್ನವರ ಮುಖ ಅರಳಿತು. "ಅಯ್, ಇದು ಹಸುಬೆ ಕಣೆ! ನಮ್ಮಜ್ಜ ಹೆಗಲ ಮ್ಯಾಲೆ ಹಾಕ್ಕಂಡ್ ಸಂತೆಗೆ ಓಗ್ತಿದ್ದ." ಆದರೆ ಹಸುಬೆಯ ಪಟ್ಟಿ ಹಾಯುವುದು ಹಿಂದೆ ಕೂರುವವನ ಕೆಳಗೆ. ಹತ್ತಿ ಕೂತು, ಒಂದು ಗಳಿಗೆ ಹೊರಳಾಡಿ, ಇಳಿದರು. "ಗಂಟು ಒತ್ತುತ್ತೆ. ನೇಪಾಳ ಇರ್ಲಿ, ನುಗ್ಗೇಹಳ್ಳಿಗೂ ಆಗಾಕಿಲ್ಲ."

ಕೊನೆಗೆ ಆರಿಸಿದ್ದು ಮೂರನೆಯದು. ಬೈಕಿನ ಎರಡು ಪಕ್ಕಕ್ಕೂ ಬೋಲ್ಟಿನಲ್ಲಿ ಕೂರುವ ಕಬ್ಬಿಣದ ಚೌಕಟ್ಟು. ಅದಕ್ಕೆ ಕೊಕ್ಕೆಯಲ್ಲಿ ತಗಲಿ, ಬಕಲ್ಲಿನಲ್ಲಿ ಬಿಗಿಯಾಗುವ ದಪ್ಪ ಬಟ್ಟೆಯ ಚೀಲ. ಬಕಲ್ ಒತ್ತಿದರೆ ಚೀಲ ಕೈಗೆ ಬರುತ್ತದೆ, ಬೋಲ್ಟು ಬಿಚ್ಚಿದರೆ ಚೌಕಟ್ಟೂ ಬರುತ್ತದೆ. ಒಂದೇ ತೊಂದರೆ: ಚೀಲ ತಗಲಿಸಿದ ಮೇಲೆ ಹಿಂದೆ ಕೂರುವವರು ಸುಮ್ಮನೆ ಕಾಲು ಎತ್ತಿ ಹಾಕುವಂತಿಲ್ಲ. ಎಡಗಡೆಯ ಪಾದದಾನಿಯ ಮೇಲೆ ನಿಂತು, ನನ್ನ ಭುಜ ಹಿಡಿದು, ಕುದುರೆ ಹತ್ತುವಂತೆ ಹತ್ತಬೇಕು. ಇಳಿಯುವುದು ಇನ್ನೂ ಕಷ್ಟ. ಅಂಗಡಿಯ ಮುಂದೆಯೇ ಅವರು ಚೀಲವನ್ನು ಒದ್ದು ಇಳಿದರು.

"ಸೈಲೆನ್ಸರ್ ಇರೋದು ಬಲಗಡೆ ಮೇಡಂ. ಆ ಕಡೆ ಅಗುರ ಇರೋದು ತುಂಬಿ," ಎಂದು ಅಂಗಡಿಯವನು ಹೇಳಿದ. ನಾನು ಬಗ್ಗಿ ಸೈಲೆನ್ಸರಿಗೂ ಚೀಲಕ್ಕೂ ನಡುವಿನ ಸಂದು ನೋಡಿದೆ. ಬೇಕಾದಷ್ಟಿತ್ತು. ಆದರೆ ನಾನು ನೋಡಿದ್ದು ಖಾಲಿ ಚೀಲವನ್ನು.

ಚನ್ನರಾಯಪಟ್ಟಣ

ಚೀಲ ತುಂಬಿದವರು ನಮ್ಮ ಅತ್ತೆ. ನಮ್ಮದು ಮಾಂಸ ಮುಟ್ಟದ ಮನೆ. ಹೊರದೇಶದಲ್ಲಿ ಮಗ ಏನು ತಿಂದಾನು ಎಂಬ ಭಯಕ್ಕೆ ಅವರು ರಾಗಿಹಿಟ್ಟು, ಹುರಿಗಡಲೆ ಚಟ್ನಿಪುಡಿ, ಕೊಬ್ಬರಿ ಮಿಠಾಯಿ, ಮೇಲೆ ನಾಲ್ಕಾರು ಸುಲಿದ ತೆಂಗಿನಕಾಯಿ ಜೋಡಿಸಿಟ್ಟಿದ್ದರು. ನಾನು ಅದನ್ನೆಲ್ಲ ಎಡಗಡೆಯ ಚೀಲಕ್ಕೆ ಇಳಿಸುವಷ್ಟರಲ್ಲಿ ಕೈ ಹಿಡಿದರು.

"ಉಣ್ಣೋ ಪದಾರ್ಥ ಎಡಕ್ಕೆ ಆಕ್ತಾರೇನವ್ವಾ? ಉಟ್ಟು ಬಿಟ್ಟಿದ್ದು ಎಡಕ್ಕಿರ್ಲಿ, ಉಣ್ಣೋದು ಬಲಕ್ಕಿರ್ಲಿ."

"ಅತ್ತೆ, ಬಲಗಡೆ ಹೊಗೆ ಕೊಳವೆ ಐತೆ, ಕಾಯುತ್ತೆ."

"ಕಾದ್ರೆ ಒಳ್ಳೇದೇ ಅಲ್ವಾ, ಉಳ ಬೀಳಾಕಿಲ್ಲ."

ಎರಡು ಚೀಲಕ್ಕೂ ಅರ್ಧ ಊಟ ಅರ್ಧ ಬಟ್ಟೆ ಹಂಚೋಣವೆಂದೆ. ಬಟ್ಟೆಯ ಜೊತೆ ಅನ್ನದ ಪದಾರ್ಥವೇ ಎಂದು ಅವರು ನನ್ನನ್ನು ನೋಡಿದ ನೋಟಕ್ಕೆ ಕೈ ಹಿಂದೆ ತೆಗೆದೆ. ಭಾರವೆಲ್ಲ ಬಲಕ್ಕೆ ಹೋಯಿತು.

ಈಗ ಎರಡನೆಯ ಷರತ್ತು: ಊರವರ ಕಣ್ಣಿಗೆ ಬೀಳುವಲ್ಲಿ ಅವರು ನನ್ನ ಹಿಂದೆ ಕೂರುವುದಿಲ್ಲ. ಹೊರಡುವ ಬೆಳಿಗ್ಗೆ ನನ್ನವರು ಹೆಲ್ಮೆಟ್ಟನ್ನು ಅಕ್ಕಿಚೀಲದಲ್ಲಿ ಮುಚ್ಚಿಕೊಂಡು ಬಸ್ಸು ಹತ್ತಿದರು. ಬೈಪಾಸ್ ದಾಟಿ, ಹಿರೀಸಾವೆ ಕಡೆಗೆ, ಪರಿಚಯದವರು ಯಾರೂ ಇಲ್ಲದ ಕಡೆ ಇಳಿದು ನನಗಾಗಿ ಕಾದರು. ಅಲ್ಲಿ ನನ್ನ ಹಿಂದೆ ಹತ್ತಿದರು. ವಾಪಸು ಬರುವಾಗಲೂ ಬೈಪಾಸಿನಲ್ಲಿ ಇಳಿಸಬೇಕು, ಅವರು ಆಟೋದಲ್ಲಿ ಮನೆಗೆ ಬರುತ್ತಾರೆ. ಇದು ಒಪ್ಪಂದ.

"ಇದ್ರಾಗೆ ತಪ್ಪು ತಿಳ್ಕಬ್ಯಾಡ ಕಣೆ. ಮಂಡಿ ಮುಂದೆ ಗಂಗಣ್ಣ ಕೂತಿರ್ತಾನೆ. ಎಂಡ್ರು ಗಾಡಿ ಓಡ್ಸೋದು, ನಾನು ಇಂದೆ ಮೂಟೆ ಥರ ಕೂತಿರೋದು ನೋಡ್ಬುಟ್ರೆ ಈ ಜನ್ಮದಲ್ಲಿ ಬಿಡಾಕಿಲ್ಲ."

ಗಂಗಣ್ಣ ಅವರ ಪಕ್ಕದ ಮಂಡಿಯವರು, ಬಾಲ್ಯದ ಗೆಳೆಯ, ಬಾಯಿ ಹರಿತ. ನಾನು ಗೇರು ಹಾಕಿದೆ. ಆದರೆ ತುಮಕೂರು ದಾಟಿದರೂ ಆ ಒಪ್ಪಂದ ತಲೆಯಿಂದ ಇಳಿಯಲಿಲ್ಲ. ಡಿಗ್ರಿ ಮುಗಿಸಿದ ದಿನ ನಾನು ಅರಕಲಗೂಡಿನ ಪೇಟೆ ನಡುವೆಯೇ ನಡೆದು ಮನೆಗೆ ಹೋಗಿದ್ದೆ, ಹಿಂದಿನ ಗಲ್ಲಿಯಲ್ಲಿ ಅಲ್ಲ. ಈ ಗಾಡಿಯೂ ಹಾಗೇ ಬಂದದ್ದು. ಅದರ ಮೇಲೆ ನನ್ನ ಗಂಡನನ್ನೇ ಕಳ್ಳಸಾಮಾನಿನಂತೆ ಊರಿಂದ ದಾಟಿಸುವ ಹಾಗಾಯಿತಲ್ಲ!

ಸುನೌಲಿ

ನಡುವಿನ ರಾಜ್ಯಗಳ ಕಥೆ ಬಿಡುತ್ತೇನೆ. ಬಿಸಿಲು, ಲಾರಿ, ಮತ್ತೆ ಬಿಸಿಲು. ಪ್ರತಿ ಪೆಟ್ರೋಲ್ ಬಂಕಿನಲ್ಲೂ ನಾನು ಇಳಿದು ಬಕಲ್ ಮುಟ್ಟಿ ನೋಡುವುದು, ಅವರು ಚೀಲ ಒದ್ದು ಇಳಿಯುವುದು, "ಈ ಹಸುಬೆ ಒಂದು ಅಡ್ಡ" ಎನ್ನುವುದು. ಈ ಚೀಲಕ್ಕೂ ಅವರ ಬಾಯಲ್ಲಿ ಹಸುಬೆ ಎಂದೇ ಹೆಸರು. ಮೈಲಿಗಲ್ಲಿಗಿಂತ ಹೆಚ್ಚು ಸಲ ಈ ಮಾತು ಕೇಳಿದೆ.

ಸುನೌಲಿಯಲ್ಲಿ ನಮ್ಮ ದೇಶ ಒಂದು ಕಮಾನಿಗೆ ಮುಗಿದು ಅವರ ದೇಶ ಶುರುವಾಗುತ್ತದೆ. ಈ ಕಡೆ ಅಂಗಡಿ, ಆ ಕಡೆಯೂ ಅದೇ ಅಂಗಡಿ. ಗಡಿಯಾರ ಮಾತ್ರ ಕಾಲು ಗಂಟೆ ಮುಂದೆ. ನನ್ನವರು ಕೈಗಡಿಯಾರ ಬದಲಿಸಲಿಲ್ಲ. "ನಮ್ಮೂರ್ ಟೈಮ್ ಗೊತ್ತಿದ್ರೆ ಸಾಕು" ಎಂದರು.

ಗಾಡಿಯ ಪರವಾನಗಿ ಬರೆಯುವಾತ ನನ್ನತ್ತ ನೋಡದೆ ನನ್ನವರ ಮುಂದೆ ಕೈ ಚಾಚಿ ಲೈಸೆನ್ಸು ಕೇಳಿದ. ಅವರು ನನ್ನ ಕಡೆ ತೋರಿಸಿದರು. ಆತ ಒಮ್ಮೆ ನನ್ನನ್ನು, ಒಮ್ಮೆ ಬೈಕನ್ನು ನೋಡಿ ಬರೆದುಕೊಂಡ, ಅಷ್ಟೆ. ನನ್ನವರು ಇನ್ನೇನೋ ಪ್ರಶ್ನೆ ಬರುತ್ತದೆಂದು ಉತ್ತರ ಹೊಂದಿಸಿಕೊಂಡು ನಿಂತಿದ್ದರು. ಬರಲೇ ಇಲ್ಲ.

ಚೀಲ ಇಳಿಸಲು ಹೇಳಿದರು. ಪೊಲೀಸಿನ ಹೆಣ್ಣುಮಗಳೊಬ್ಬಳು ರಾಗಿಹಿಟ್ಟಿನ ಪೊಟ್ಟಣ ಬಿಚ್ಚಿಸಿದಳು. ಕಂದು ಬಣ್ಣದ ಪುಡಿ, ಅಷ್ಟೊಂದು! ಮಾದಕ ಪುಡಿ ಎಂದುಕೊಂಡರೆ? ನನ್ನವರು ಉತ್ತರದ ಕೊಬ್ಬರಿ ಸಾಹುಕಾರರ ಜೊತೆ ಮಾತಾಡಿ ಕಲಿತ ವ್ಯಾಪಾರದ ಹಿಂದಿಯಲ್ಲಿ ವಿವರಿಸತೊಡಗಿದರು. ಅವಳು ಕೇಳಿಸಿಕೊಳ್ಳಲಿಲ್ಲ. ಚಿಟಿಕೆ ಹಿಟ್ಟು ಬೆರಳಲ್ಲಿ ಉಜ್ಜಿ, ಮೂಸಿ, ನಕ್ಕಳು. "ಕೋದೋ!" ಅಲ್ಲಿ ರಾಗಿಗೆ ಹಾಗೆನ್ನುತ್ತಾರೆ. ಅವಳ ಊರಲ್ಲೂ ಬೆಳೆಯುತ್ತಾರಂತೆ.

ಹಿಂದೆ ಸಾಲು ಬೆಳೆದಿತ್ತು. ನಾನು ಎಡಚೀಲ ತಗಲಿಸುವಷ್ಟರಲ್ಲಿ ಅವರು ಬಲಚೀಲ ತಗಲಿಸಿ "ಆಯ್ತು ನಡಿ" ಎಂದರು. ಕೊಕ್ಕೆ ಒಂದು ಕಂಡಿ ಕೆಳಗೆ ಕೂತು, ಚೀಲ ಸೈಲೆನ್ಸರಿನತ್ತ ಇಳಿದಿತ್ತು. ನಾನು ನೋಡಿಕೊಳ್ಳಲಿಲ್ಲ.

ತಾನ್ಸೇನ್ ಏರು

ನಮ್ಮ ದಸರೆಯೇ ಅವರ ದಶೈಂ. ಊರಿಗೆ ಹೋಗುವ ಜನ ಬಸ್ಸಿನ ತುಂಬ, ಬಸ್ಸಿನ ಮೇಲೆ ಮೇಕೆಗಳು. ಒಬ್ಬ ತನ್ನ ಬೈಕಿನ ಹಿಂದಿನ ಸೀಟಿನಲ್ಲಿ ಮೇಕೆ ಕೂರಿಸಿಕೊಂಡು, ಅದರ ಮುಂಗಾಲನ್ನು ತನ್ನ ಹೆಗಲ ಮೇಲೆ ಹಾಕಿಕೊಂಡು ನಮ್ಮನ್ನು ದಾಟಿ ಹೋದ. "ಅದು ನನ್ಗಿಂತ ಆರಾಮಾಗೈತೆ," ಎಂದರು ನನ್ನವರು.

ಬುಟ್ವಲ್ ಪೇಟೆ ಬಿಟ್ಟ ಮೇಲೆ ತಾನ್ಸೇನ್ ಕಡೆಗೆ ಬೆಟ್ಟ. ಹೆಂಗಸರು ಬಿದಿರಬುಟ್ಟಿ ಬೆನ್ನಿಗಿಟ್ಟು, ಅದರ ಪಟ್ಟಿಯನ್ನು ಹಣೆಗೆ ಹಾಕಿ ಏರುತ್ತಿದ್ದರು. ನಾವು ಸಿಂಬೆ ಇಟ್ಟು ತಲೆಯ ಮೇಲೆ ಹೊರುತ್ತೇವೆ, ಇವರು ಹಣೆಯಲ್ಲಿ ಎಳೆಯುತ್ತಾರೆ. ಬಗ್ಗಿ ಏರುವ ದಾರಿಯಲ್ಲಿ ತಲೆಯ ಮೇಲಿನ ಹೊರೆ ನಿಲ್ಲುವುದಿಲ್ಲವಲ್ಲ ಎಂದು ಯೋಚಿಸುತ್ತಿದ್ದೆ. ಹಿಂದಿನಿಂದ ಸಂತೋಷದ ದನಿ ಬಂತು.

"ಲೇ, ಇಲ್ಲೂ ರಾಗಿ ಉರೀತಾರೆ ಕಣೆ! ಏನ್ ಘಮ!"

ನನಗೂ ಬಾಯಲ್ಲಿ ನೀರೂರಿತು. ತಿರುವು ದಾಟಿದೆವು, ಘಮ ಬಂತು. ಇನ್ನೊಂದು ತಿರುವು, ಘಮ ಜೊತೆಗೇ ಬಂತು. ಹತ್ತಿರದಲ್ಲಿ ಮನೆ ಕಾಣಲಿಲ್ಲ. ಆಗ ಗಕ್ಕನೆ ಬ್ರೇಕ್ ಒತ್ತಿದೆ. ಬ್ಯಾರನ್ನಿನ ಮುಂದೆ ಬೆಳೆದವಳಿಗೆ ಗೊತ್ತು, ವಾಸನೆ ನಿಮ್ಮ ಜೊತೆ ನಡೆಯುತ್ತಿದ್ದರೆ ಬೆಂಕಿ ನಿಮ್ಮದೇ.

"ಇಳೀರಿ! ಇಳೀರೀ!"

"ಇಳಿಯಾಕಾಗಲ್ಲ, ಹಸುಬೆ ಅಡ್ಡ—" ಎನ್ನುತ್ತಲೇ ಚೀಲ ಒದ್ದು ರಸ್ತೆಗೆ ಹಾರಿದರು.

ಬಲಚೀಲದ ತಳ ಸೈಲೆನ್ಸರಿಗೆ ಕರಗಿ ಅಂಟಿತ್ತು. ರಾಗಿಹಿಟ್ಟು ಸಣ್ಣಗೆ ಸುರಿದು, ಕೊಳವೆಯ ಮೇಲೆ ಹುರಿದು, ಹೊಗೆಯಾಡುತ್ತಿತ್ತು. ನೀರು ಸುರಿದೆವು. ಕೊಬ್ಬರಿ ಮಿಠಾಯಿ ಪಾಕವಾಗಿ ಇಳಿಯಿತು. ಹಿಟ್ಟಿನಲ್ಲಿ ಮೇಲಿನ ಪೊಟ್ಟಣಗಳು ಉಳಿದವು, ಕಾಯಿಗಳು ಉಳಿದವು. ಚೀಲಕ್ಕೆ ಕೈ ಹೋಗುವಷ್ಟು ತೂತು.

ಗಾಡಿ ತಳ್ಳಿಕೊಂಡು ಮುಂದಿನ ತಿರುವು ದಾಟಿದಾಗ ಒಂದು ಚಿಕ್ಕ ಊಟದ ಮನೆ ಸಿಕ್ಕಿತು. ಅದನ್ನು ನಡೆಸುವ ಹೆಂಗಸನ್ನು ಎಲ್ಲರೂ ದಿದಿ ಎನ್ನುತ್ತಿದ್ದರು. ನಾವು ಅಕ್ಕ ಎನ್ನುವ ಹಾಗೆ. ರಿಪೇರಿಯವರು ಸಿಗುತ್ತಾರಾ ಎಂದು ಕೇಳಿದರೆ ಕೈ ಆಡಿಸಿದಳು. ದಶೈಂ ಮುಗಿಯುವವರೆಗೆ ಮೆಕ್ಯಾನಿಕ್ಕೂ ಇಲ್ಲ, ಹೊಲಿಯುವವನೂ ಇಲ್ಲ, ಎಲ್ಲ ಊರಿಗೆ ಹೋಗಿದ್ದಾರೆ.

ನನ್ನವರು ಕಲ್ಲಿನ ಮೇಲೆ ಕೂತರು. ಮೀಸೆಯಲ್ಲಿ ರಾಗಿಹಿಟ್ಟು.

"ಸಾಕು ಟೀಚರಮ್ಮ. ಗಾಡೀನ ಯಾವ್ದಾದ್ರೂ ಲಾರಿಗಾಕು. ನಾನು ಬಸ್ ಇಡ್ಕಂಡು ಕಾಠ್ಮಂಡೂಗೋಗ್ತೀನಿ, ಅಲ್ಲಿಂದ ವಿಮಾನ. ಇಂದೆ ಕೂತು ಕೂತು ನನ್ ಮಾನಾನೂ ಓಯ್ತು, ಈಗ ಇಟ್ಟೂ ಓಯ್ತು."

"ಮಾನ ಹೇಗೆ ಹೋಯ್ತು? ಇಲ್ಲಿ ನಿಮ್ಮನ್ನ ಯಾರಿಗೆ ಗೊತ್ತು?"

"ನಂಗ್ ಗೊತ್ತಲ್ಲ!"

ಅವರು ಇಲ್ಲಿ ಇಳಿದರೆ ಇನ್ನು ಯಾವತ್ತೂ ನನ್ನ ಹಿಂದೆ ಹತ್ತುವುದಿಲ್ಲ, ಅಷ್ಟು ಗೊತ್ತಿತ್ತು. ಕೈ ಸುಮ್ಮನಿರಲಿಲ್ಲ. ಸೈಲೆನ್ಸರ್ ಸುತ್ತ ಎರಡು ಸಲ ಸುತ್ತಿದೆ. ಬ್ಯಾರನ್ನಿನೊಳಗೆ ನೆಲದ ಮೇಲೆ ತಗಡಿನ ಕೊಳವೆ ಕೆಂಡದಂತೆ ಕಾದಿರುತ್ತದೆ, ಅದರ ಮೇಲೆಯೇ ಒಣಸೊಪ್ಪು ತೂಗುತ್ತದೆ. ಒಂದು ಎಲೆ ಕಳಚಿ ಕೊಳವೆಗೆ ಬಿದ್ದರೆ ಬ್ಯಾರನ್ನೇ ಬೂದಿ. ಅದಕ್ಕೇ ಅಪ್ಪ ಕೊಳವೆಯ ಮೇಲೆ, ಗೇಣು ಬಿಟ್ಟು, ತಂತಿಬಲೆ ಹಾಸುತ್ತಿದ್ದ. ಕೊಳವೆಗೂ ಸೊಪ್ಪಿಗೂ ನಡುವೆ ಗಾಳಿ ಓಡಾಡಬೇಕು. ಇದನ್ನೇ ನಾನು ಆಮೇಲೆ ಕಾಲೇಜಿನಲ್ಲಿ ದೊಡ್ಡ ಹೆಸರುಗಳಲ್ಲಿ ಓದಿದ್ದು, ಈಗ ಹತ್ತನೇ ಕ್ಲಾಸಿಗೆ ಪಾಠ ಮಾಡುವುದು.

ದಿದಿಯ ಹಿತ್ತಲಲ್ಲಿ ಸಾಸಿವೆ ಎಣ್ಣೆಯ ಖಾಲಿ ಡಬ್ಬವಿತ್ತು. ಕೇಳಿ ತಂದು, ಅವಳ ಕತ್ತಿಯಿಂದಲೇ ಸೀಳಿ, ಬಡಿದು ಚಪ್ಪಟೆ ಮಾಡಿದೆ. ಚೌಕಟ್ಟಿಗೆ ಕಟ್ಟಬೇಕು, ಸೈಲೆನ್ಸರಿಗೆ ತಾಗಬಾರದು, ಚೀಲಕ್ಕೂ ತಾಗಬಾರದು. ನಾನು ಹಿಡಿದರೆ ತಂತಿ ಸುತ್ತಲು ಕೈಯಿಲ್ಲ, ಸುತ್ತಿದರೆ ಹಿಡಿಯಲು ಕೈಯಿಲ್ಲ. ನನ್ನವರು ಕಲ್ಲಿನ ಮೇಲಿಂದ ಸ್ವಲ್ಪ ಹೊತ್ತು ನೋಡಿದರು.

"ಅಂಗಲ್ಲ ಕಣೆ. ತಂತೀನ ಅಡ್ಡ ಒಯ್ದು ತಿರುವು."

"ಬಂದು ತಿರುವಿ, ಅಲ್ಲೇ ಕೂತು ಹೇಳ್ಬೇಡಿ."

ಬಂದರು. ಮೂಟೆಯ ಬಾಯಿ ಬಿಗಿದು ಬಿಗಿದು ಪಳಗಿದ ಕೈ. ಸಂದು ಯಾಕೆ ಬೇಕೆಂದು ಬ್ಯಾರನ್ನಿನ ಲೆಕ್ಕ ಹೇಳುತ್ತಾ ನಾನು ತಗಡು ಹಿಡಿದು ನಿಂತೆ, ಅವರು ಬಿಗಿದರು. ಚೀಲದ ತೂತಿಗೆ ದಿದಿಯ ಹಳೆಯ ಗೋಣಿತಾಟು ಹೊಲಿದೆವು. ಊಟದ ಸಾಮಾನನ್ನು ನಾನು ಎಡಚೀಲಕ್ಕೆ ಹಾಕಿ ಬಟ್ಟೆಯನ್ನು ಬಲಕ್ಕೆ ಹಾಕಿದೆ. ಅವರು ನೋಡಿದರು. "ಅವ್ವಂಗೆ ಏಳ್ಬ್ಯಾಡ," ಎಂದಷ್ಟೇ ಹೇಳಿದರು.

ಅಷ್ಟರಲ್ಲಿ ದಿದಿ ಉಳಿದ ಹಿಟ್ಟಿನಲ್ಲಿ ಒಂದು ಪೊಟ್ಟಣ ಕೇಳಿ ತೆಗೆದುಕೊಂಡು, ಕುದಿನೀರಿಗೆ ಸುರಿದು ಕೋಲಿನಿಂದ ತಿರುವಿದಳು. ಅಲ್ಲಿ ಅದಕ್ಕೆ ಢಿಡೋ ಎನ್ನುತ್ತಾರೆ. ನಮ್ಮ ಮುದ್ದೆಯೇ, ಉಂಡೆ ಮಾತ್ರ ಕಟ್ಟುವುದಿಲ್ಲ. ನನ್ನವರಿಗೆ ಅದು ಸಹಿಸಲಾಗಲಿಲ್ಲ. ಕೈಗೆ ನೀರು ಹಚ್ಚಿಕೊಂಡು ತಟ್ಟೆಯಲ್ಲೇ ಉಂಡೆ ಕಟ್ಟಿ ತೋರಿಸಿದರು. ದಿದಿ ಬಾಯಿಗೆ ಸೆರಗು ಮುಚ್ಚಿ ನಕ್ಕಳು. ಹೊರಡುವಾಗ ಅವರು ಬೈಕಿನ ಮುಂದೆ ಒಂದು ಕಾಯಿ ಒಡೆದು, ಒಂದು ಹೋಳು ಅವಳಿಗೆ ಕೊಟ್ಟರು. ಅವಳು ಕುಂಕುಮ ಕಲಸಿದ ಅಕ್ಕಿಯನ್ನು ನಮ್ಮ ಹಣೆಗೂ ಬೈಕಿನ ಹಣೆಗೂ ಹಚ್ಚಿದಳು.

ಬಸ್ಸಿನ ಮಾತು ಅವರು ಮತ್ತೆ ಎತ್ತಲಿಲ್ಲ. ಭುಜ ಹಿಡಿದು ಹತ್ತಿದರು.

ಪೊಖರಾ

ಕೆರೆ ಚೆನ್ನಾಗಿದೆ, ಕೆರೆಯೊಳಗೆ ತಲೆಕೆಳಗಾಗಿ ಬೆಟ್ಟ ಕಾಣುತ್ತದೆ. ಫೋಟೋದಲ್ಲಿ ನೀವು ನೋಡಿರುತ್ತೀರಿ. ನನಗೆ ಅಲ್ಲೂ ನಿಲ್ಲಲಾಗಲಿಲ್ಲ. ತಗಡು ಅಲ್ಲಾಡಿದೆಯೇ ಎಂದು ಹೋಗಿ ಹೋಗಿ ಮುಟ್ಟುತ್ತಿದ್ದೆ.

ನನ್ನವರು ಬೇರೇನೋ ನೋಡುತ್ತಿದ್ದರು. ಕೆರೆಯ ದಾರಿಯಲ್ಲಿ ಹೆಂಗಸರು ಸ್ಕೂಟರಿನಲ್ಲಿ ಹೋಗುತ್ತಿದ್ದರು. ಕೆಲವರ ಹಿಂದೆ ಗಂಡಸರು ಕೂತಿದ್ದರು. ಹಣೆಯ ತುಂಬ ಹಬ್ಬದ ಕೆಂಪಕ್ಕಿ, ಕೈಯಲ್ಲಿ ಹಣ್ಣಿನ ಬುಟ್ಟಿ. ಯಾರೂ ತಿರುಗಿ ನೋಡುತ್ತಿರಲಿಲ್ಲ. ಟೀ ಅಂಗಡಿಯ ಮುಂದೆ ಒಂದು ಜೋಡಿ ಇಳಿಯಿತು. ನನ್ನವರು ತಡೆಯಲಾರದೆ ಆ ಗಂಡಸನ್ನು ಹಿಂದಿಯಲ್ಲಿ ಕೇಳಿಯೇಬಿಟ್ಟರು, ನೀವು ಯಾಕೆ ಹಿಂದೆ ಕೂತಿದ್ದೀರಿ ಎಂದು.

ಆ ಮನುಷ್ಯನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಇನ್ನೊಮ್ಮೆ ಕೇಳಿಸಿಕೊಂಡು, ಇದೇನು ಕೇಳುವ ಮಾತೇ ಎನ್ನುವ ಹಾಗೆ ಹೇಳಿದ: "ಗಾಡಿ ಅವಳದು."

ನನ್ನವರು ಟೀ ಆರುವ ತನಕ ಲೋಟ ಹಿಡಿದು ಕೂತಿದ್ದರು.

ಕಾಠ್ಮಂಡು

ಪಶುಪತಿನಾಥನ ದರ್ಶನವಾಯಿತು. ಚಪ್ಪಲಿ, ನೂಕು, ಮಂಗ, ಎಲ್ಲ ನಮ್ಮ ಕಡೆಯ ಹಾಗೇ. ಅಲ್ಲಿ ಪೂಜೆಗೆ ನಮ್ಮ ಕಡೆಯಿಂದ ಹೋದ ಭಟ್ಟರಿದ್ದಾರೆ. ಅವರಲ್ಲೊಬ್ಬರು ಕನ್ನಡದಲ್ಲಿ "ಯಾವೂರು?" ಎಂದಾಗ ನನ್ನವರ ಕಣ್ಣು ತುಂಬಿತು. ಅಷ್ಟು ದೂರ ಹೋಗಿ ನಮ್ಮ ಮಾತು ಸಿಕ್ಕಿದ್ದಕ್ಕೆ. "ಚನ್ನರಾಯಪಟ್ಟಣ. ಬೈಕಲ್ಲಿ ಬಂದ್ವಿ," ಎಂದರು.

"ಓಹೋ, ಅಲ್ಲಿಂದ ಓಡಿಸಿಕೊಂಡು ಬಂದಿರಾ?"

ನಾನು ಕಾದೆ. ಅವರು ವಿಭೂತಿಯನ್ನು ಕಾಗದದಲ್ಲಿ ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು. "ಊ, ಬಂದ್ವಿ," ಎಂದರು. ಓಡಿಸಿದ್ದು ಯಾರೆಂದು ಹೇಳಲಿಲ್ಲ. ಹೊರಗೆ ಬಂದು ನಾನು ಚೀಲದ ಪಟ್ಟಿಯನ್ನು ಬೇಕಾದದ್ದಕ್ಕಿಂತ ಹೆಚ್ಚು ಬಿಗಿದೆ.

ಬೈಪಾಸ್

ವಾಪಸು ದಾರಿಯಲ್ಲಿ ನಮ್ಮ ಮಾತು ಕಡಿಮೆ. ಊಟದ ಚೀಲ ಖಾಲಿಯಾಗುತ್ತಾ ಬಂದಂತೆ ಗಾಡಿ ಬಲಕ್ಕೆ ಎಳೆಯುತ್ತಿತ್ತು, ನಾನು ಅದಕ್ಕೆ ತಕ್ಕಂತೆ ಕೂರುತ್ತಿದ್ದೆ. ಬೆಳ್ಳೂರು ದಾಟಿತು, ಹಿರೀಸಾವೆ ದಾಟಿತು. ಬಿಸಿಲು ಇಳಿದಿತ್ತು. ತೆಂಗಿನ ತೋಟಗಳು ಶುರುವಾದವು. ಊರು ಹತ್ತಿರವಾದಷ್ಟೂ ಹಿಂದೆ ಅವರು ಹಿಂದಕ್ಕೆ ಮುಂದಕ್ಕೆ ಸರಿದಾಡುತ್ತಿದ್ದರು.

"ಅಲ್ಲಾಡ್ಬೇಡಿ, ಬಂತು," ಎಂದೆ.

ಬೈಪಾಸಿನ ಕವಲಿನಲ್ಲಿ ನಿಲ್ಲಿಸಿದೆ. ಒಪ್ಪಂದ ಒಪ್ಪಂದವೇ. ಆಟೋ ಒಂದು ನಿಂತಿತ್ತು. ಅವರು ಇಳಿಯಲಿಲ್ಲ.

"ಇಳೀರಿ."

"ಹಸುಬೆ ಅಡ್ಡ ಐತೆ."

"ಬಕಲ್ ಒತ್ತಿದ್ರೆ ಬಂದ್ಬಿಡುತ್ತೆ. ಅದಕ್ಕೇ ತಾನೇ ಬಿಚ್ಚೋ ಅಂಥದ್ದು ತಗೊಂಡಿದ್ದು? ತೆಗೀಲಾ?"

ಆಟೋದವನು ನಮ್ಮನ್ನೇ ನೋಡುತ್ತಿದ್ದ.

"ಬ್ಯಾಡ. ಅದ್ನ ಈಗ್ ಯಾರು ಬಿಚ್ತಾರೆ. ನಡಿ ಅತ್ಲಾಗೆ."

"ಯಾವ ಕಡೆಯಿಂದ?"

"ಊರಿಗೆ ಇನ್ನೆಷ್ಟು ದಾರಿ ಐತೆ? ಪೇಟೆ ಮ್ಯಾಲೆ ಓಗು."

ಪೇಟೆಯ ಮೇಲೆ ಹೋದೆ. ಜೋರಾಗಿ ಅಲ್ಲ, ನಿಧಾನವಾಗಿ. ಮಂಡಿಯ ಮುಂದೆ ಎಣಿಸಿದ ಹಾಗೆ ಗಂಗಣ್ಣ ಕುರ್ಚಿ ಹಾಕಿಕೊಂಡು ಕೂತಿದ್ದರು. ಅವರಿಗೆ ಕಂಡದ್ದು ಗೋಣಿತಾಟಿನ ತೇಪೆ, ಸಾಸಿವೆ ಹೂವಿನ ಚಿತ್ರದ ಎಣ್ಣೆ ತಗಡು, ಅದರ ಮೇಲೆ ಅವರ ಬಾಲ್ಯದ ಗೆಳೆಯ. ಎದ್ದು ನಿಂತರು.

"ಏನ್ಲಾ ಬಸ್ರಾಜ! ಎಂಡ್ರಿಂದೆ ಮೂಟೆ ಕೂತಂಗೆ ಕೂತ್ಕಂಡ್ ಬಂದ್ಬುಟ್ಯಾ?"

ನನ್ನ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಯಿತು. ಗಾಡಿ ನಿಂತಿತು. ನನ್ನ ಭುಜದ ಮೇಲೆ ಅವರ ಕೈ ಬಿಗಿಯಾಯಿತು.

"ಊ ಕಣ್ಲಾ," ಎಂದರು ನನ್ನವರು, ಇಡೀ ಮಂಡಿಗೆ ಕೇಳುವ ಹಾಗೆ. "ಗಾಡಿ ಅವಳ್ದು."

ಗಂಗಣ್ಣನ ಬಾಯಿಗೆ ಸಿದ್ಧವಿದ್ದ ಮುಂದಿನ ಮಾತು ಎಲ್ಲಿಗೆ ಹೋಯಿತೋ ಗೊತ್ತಿಲ್ಲ. ಅವರು ನಡೆದು ಬಂದು, ತಗಡನ್ನು ಬೆರಳಿನಿಂದ ತಟ್ಟಿ, "ಇದೇನ್ಲಾ ಇದು?" ಎಂದರು. ನನ್ನವರು ಗಾಡಿಯ ಮೇಲೆ ಕೂತೇ ಹೇಳತೊಡಗಿದರು: ಸೊಪ್ಪು ಬೇಯಿಸೋ ಬ್ಯಾರನ್ನಲ್ಲಿ ಕೊಳವೆಗೂ ಸೊಪ್ಪಿಗೂ ನಡುವೆ ಗಾಳಿ ಇರ್ತದಲ್ಲ, ಅಂಗೆ ಇದೂವೆ. ತಪ್ಪಿಲ್ಲದೆ ಹೇಳಿದರು. ಎಂಜಿನ್ ಆರಿಸದೆ ನಾನು ಕಾದೆ. ಮೊದಲ ಸಲ ನನಗೆ ಅವಸರವಿರಲಿಲ್ಲ.